ನಮ್ಮ ಪರಿಸರದ ಬದಲಾವಣೆ ಮತ್ತು ನಮ್ಮ ಎರಡು ಮನಸ್ಸು

"ಎರಡು ಮನಸ್ಸು ಮಾಡಬೇಡ" ಎಂದು ಮನೆಯಲ್ಲಿ ಹಿರಿಯರು ಮಕ್ಕಳನ್ನು ಗದರುವುದುಂಟು. ತರಗತಿಯಲ್ಲಿ ನಾವು ಅಧ್ಯಾಪಕರೂ ಅದನ್ನೇ ಹೇಳುತ್ತೇವೆ. ಆದರೆ ಈಚಿನ ಕೆಲವು ವರ್ಷಗಳಿಂದ ನಮ್ಮ ಶಾಲೆಯ ಆಸುಪಾಸಿನ ಹಿರಿಯರ ಮಾತನ್ನು ಕೇಳುತ್ತ ಬಂದರೆ, ಎರಡು ಮನಸ್ಸು ಇಲ್ಲದವರು ಒಬ್ಬರಾದರೂ ಇದ್ದಾರೆಂದು ಹೇಳುವಂತಿಲ್ಲ. ಹೆದ್ದಾರಿ ಅಗಲವಾಯಿತೆಂದು ಸಂತೋಷಪಡುವ ಬಾಯಿಯೇ ಆಚೆ ಬದಿಯ ಅಂಗಡಿಗೆ ಹೋಗಲು ದಾರಿಯಿಲ್ಲವೆಂದು ದೂರುತ್ತದೆ. ಫ್ಲಾಟುಗಳು ಎದ್ದು ಊರು ಕೆಟ್ಟಿತೆನ್ನುವವರೇ ತಮ್ಮ ಹತ್ತು ಸೆಂಟ್ ಜಾಗಕ್ಕೆ ಈಗ ಎಷ್ಟು ಕ್ರಯ ಬಂದೀತೆಂದು ಮೆಲ್ಲನೆ ವಿಚಾರಿಸುತ್ತಾರೆ. ಇದನ್ನು ಆಷಾಢಭೂತಿತನವೆಂದು ಹಾಸ್ಯ ಮಾಡುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಈ ಎರಡು ಮನಸ್ಸಿನಲ್ಲಿ ಎರಡೂ ನಿಜವೆಂಬುದು ನಮ್ಮ ಅಭಿಪ್ರಾಯ. ಅವೆರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಮಾತನಾಡದಿರುವುದೇ ಇಲ್ಲಿನ ತೊಂದರೆ.

ನಮ್ಮದು ಪೇಟೆಯೆಂದರೆ ಪೇಟೆಯಲ್ಲ, ಹಳ್ಳಿಯೆಂದರೆ ಹಳ್ಳಿಯೂ ಅಲ್ಲ. ಕಾಸರಗೋಡು 1966ರಲ್ಲಿ ನಗರಸಭೆಯಾಯಿತು. 1984ರ ಮೇ 24ರಂದು ಜಿಲ್ಲೆಯೂ ಆಯಿತು. ಆದರೂ 2011ರ ಜನಗಣತಿಯಲ್ಲಿ ನಗರಸಭೆಯ ಜನಸಂಖ್ಯೆ 54 ಸಾವಿರ ಮಾತ್ರ. ಬಸ್‌ಸ್ಟ್ಯಾಂಡಿನಿಂದ ಹತ್ತು ಹದಿನೈದು ನಿಮಿಷ ನಡೆದರೆ ಸಾಕು, ಮುರಕಲ್ಲಿನ ಆವರಣ ಗೋಡೆ, ಅದರ ಮೇಲೆ ಪಾಚಿ, ಒಳಗೆ ನಾಲ್ಕಾರು ತೆಂಗು, ಒಂದು ಹಲಸು, ಬಾವಿಕಟ್ಟೆ, ಹಿಂದೆ ಹಟ್ಟಿ. ನುಳ್ಳಿಪ್ಪಾಡಿ, ಅಣಂಗೂರು, ಬೀರಂತಬೈಲು, ಕೂಡ್ಲು, ಹೀಗೆ ಎತ್ತ ಹೋದರೂ ಮೊನ್ನೆ ಮೊನ್ನೆಯ ವರೆಗೆ ಇದೇ ನೋಟ. ಸರಕಾರಿ ಕಚೇರಿಯಿಂದ ಸಂಜೆ ಐದಕ್ಕೆ ಹೊರಟವರು ಐದೂವರೆಗೆ ತಮ್ಮ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಪೇಟೆಯ ಅನುಕೂಲವನ್ನೂ ಹಳ್ಳಿಯ ನೆರಳನ್ನೂ ಒಟ್ಟಿಗೆ ಅನುಭವಿಸಿದ ಭಾಗ್ಯವಂತರು ನಾವು. ಅಂಥ ಭಾಗ್ಯ ಬಹಳ ಕಾಲ ಉಳಿಯುವುದಿಲ್ಲವೆಂಬುದು ಆಗ ಯಾರ ತಲೆಗೂ ಹೋಗಲಿಲ್ಲ.

ಮೊದಲು ಹೆದ್ದಾರಿಯ ಮಾತು. ಹಿಂದೆ 17ನೇ ನಂಬರಿನದಾಗಿದ್ದ ರಾಷ್ಟ್ರೀಯ ಹೆದ್ದಾರಿಗೆ 2010ರಲ್ಲಿ 66 ಎಂಬ ನಂಬರು ಬಂತು. ಅದನ್ನು ಎಷ್ಟು ಅಗಲ ಮಾಡಬೇಕೆಂಬ ಚರ್ಚೆ ಕೇರಳದಲ್ಲಿ ವರ್ಷಗಟ್ಟಲೆ ನಡೆಯಿತು. ಮನೆ ಅಂಗಡಿಗಳು ಒತ್ತೊತ್ತಾಗಿರುವ ರಾಜ್ಯಕ್ಕೆ 30 ಮೀಟರ್ ಸಾಕೆಂದು ಒಂದು ವಾದ. 45 ಮೀಟರ್ ಬೇಕೇಬೇಕೆಂದು ಇನ್ನೊಂದು. ಕೊನೆಗೆ 45 ಗೆದ್ದಿತು. 45 ಮೀಟರ್ ಎಂದರೆ ಸುಮಾರು 148 ಅಡಿ. ಮಕ್ಕಳೇ, ಕ್ರೀಡಾ ದಿನದಂದು 100 ಮೀಟರ್ ಓಟಕ್ಕೆ ಎಳೆಯುವ ಗೆರೆಯನ್ನು ನೆನಪು ಮಾಡಿಕೊಳ್ಳಿ. ಅದರ ಅರ್ಧಕ್ಕೆ ಸ್ವಲ್ಪ ಕಡಿಮೆ ಎಂದರೆ ರಸ್ತೆಯ ಅಗಲ. ಭೂಮಿಯ ಖರ್ಚಿನ ಕಾಲು ಭಾಗವನ್ನು ರಾಜ್ಯವೇ ಹೊರುವುದೆಂದು 2019ರಲ್ಲಿ ಒಪ್ಪಂದವಾಯಿತು. 2020ರ ಅಕ್ಟೋಬರಿನಲ್ಲಿ ಶಿಲಾನ್ಯಾಸವಾಗಿ, ತಲಪಾಡಿಯಿಂದ ಚೆಂಗಳದ ವರೆಗಿನ 39 ಕಿಲೋಮೀಟರಿನಲ್ಲಿ ಆರು ಲೇನುಗಳ ಕೆಲಸ ಆರಂಭವಾಯಿತು. ಕಾಸರಗೋಡು ಪೇಟೆಯೊಳಗೆ ಒಂದೇ ಸಾಲಿನ ಕಂಬಗಳ ಮೇಲೆ ನಿಂತ ಮೇಲ್ಸೇತುವೆ ಬಂತು.

ಇದು ಬೇಡವಿತ್ತೆಂದು ನಾವು ಹೇಳಲಾರೆವು. ಕಾಯಿಲೆ ಬಿದ್ದರೆ ನಮಗೆ ಮಂಗಳೂರೇ ಗತಿ. ಇಲ್ಲಿಂದ ಸುಮಾರು 50 ಕಿಲೋಮೀಟರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಡಯಾಲಿಸಿಸ್ ರೋಗಿಗಳೂ ಹೆರಿಗೆಯ ಹೆಂಗಸರೂ ಪಟ್ಟ ಪಾಡನ್ನು ಈ ಊರು ಮರೆಯುವುದಿಲ್ಲ. ಗಡಿ ತೆರೆದಿದ್ದ ದಿನಗಳಲ್ಲಿ ಕೂಡ ಹಳೆಯ ರಸ್ತೆಯ ಹೊಂಡಗಳಲ್ಲಿ ಏಳುತ್ತ ಬೀಳುತ್ತ ಆಂಬುಲೆನ್ಸ್ ಹೋಗಬೇಕಿತ್ತು. ಅಂಥ ಊರಿನವರು ರಸ್ತೆ ಬೇಡವೆಂದರೆ ಅದು ಸುಳ್ಳಾಗುತ್ತದೆ. ಇನ್ನೊಂದು ಕಡೆ, ರಸ್ತೆಯನ್ನು ಎತ್ತರಿಸಿ ಎರಡೂ ಬದಿಗೆ ಗೋಡೆ ಕಟ್ಟಿದಲ್ಲೆಲ್ಲ ಒಂದು ಊರು ಎರಡು ಊರಾಗಿರುವುದೂ ಅಷ್ಟೇ ಸತ್ಯ. ಆಚೆಯ ದೇವಸ್ಥಾನದ ಗಂಟೆ ಕೇಳಿಸುತ್ತದೆ, ಮಸೀದಿಯ ಬಾಂಗು ಕೇಳಿಸುತ್ತದೆ. ಹೋಗಬೇಕಾದರೆ ಅಂಡರ್‌ಪಾಸ್ ಇರುವಲ್ಲಿಯ ವರೆಗೆ ಸರ್ವೀಸ್ ರೋಡಿನಲ್ಲಿ ನಡೆದು, ಮತ್ತೆ ಅಷ್ಟೇ ದೂರ ಹಿಂದೆ ಬರಬೇಕು. ಕಾರು ಇರುವವನಿಗೆ ಇದು ಎರಡು ನಿಮಿಷದ ಮಾತು. ಚೀಲ ಹೊತ್ತ ಐದನೆಯ ತರಗತಿಯ ಮಗುವಿಗೆ, ಮೊಣಕಾಲು ನೋವಿನ ಅಜ್ಜಿಗೆ ಇದು ಬೇರೆಯೇ ಲೆಕ್ಕ. ಅಂಡರ್‌ಪಾಸಿಗಾಗಿ ಊರೂರಿನಲ್ಲಿ ಜನ ಧರಣಿ ಕುಳಿತದ್ದು ರಸ್ತೆ ಬೇಡವೆಂದಲ್ಲ, ರಸ್ತೆ ದಾಟಲು ಬೇಕೆಂದು. ಈ ವ್ಯತ್ಯಾಸವನ್ನು ಪತ್ರಿಕೆಗಳ ತಲೆಬರಹಗಳು ಹೆಚ್ಚಾಗಿ ಹೇಳಲಿಲ್ಲ.

ಪರಿಹಾರದ ಹಣದ ವಿಷಯದಲ್ಲಿಯೂ ಹಾಗೆಯೇ. 2013ರ ಭೂಸ್ವಾಧೀನ ಕಾಯಿದೆಯ ಕ್ರಮದಂತೆ ಬೆಲೆಯ ಮೇಲೆ ನೂರಕ್ಕೆ ನೂರು ಹೆಚ್ಚುವರಿ ಮೊತ್ತವೂ ಸೇರಿ ಜಾಗದವರಿಗೆ ಹಣ ಬಂತು. ರಸ್ತೆಬದಿಯ ಹಳೆಯ ಕಟ್ಟಡದಲ್ಲಿ ಇಪ್ಪತ್ತು ಮೂವತ್ತು ವರ್ಷ ಬಾಡಿಗೆಗೆ ಕುಳಿತು ಹೊಲಿಗೆಯಂತ್ರ ತುಳಿದವರಿಗೆ, ಗೂಡಂಗಡಿ ಇಟ್ಟವರಿಗೆ ಆ ಲೆಕ್ಕ ಅನ್ವಯಿಸಲಿಲ್ಲ. ಒಂದೇ ಕಟ್ಟಡ ಬಿದ್ದಾಗ ಮೇಲಿನ ಮಹಡಿಯವರು ನಕ್ಕು ಕೆಳಗಿನ ಅಂಗಡಿಯವರು ಅತ್ತದ್ದನ್ನು ನಾವು ನೋಡಿದ್ದೇವೆ.

ಹೆದ್ದಾರಿ ಸರಕಾರದ ಕೆಲಸ. ಅದಕ್ಕೆ ಸರಕಾರವನ್ನು ಬಯ್ಯಬಹುದು, ಹೊಗಳಬಹುದು. ಮನೆಗಳ ವಿಷಯ ಹಾಗಲ್ಲ. ಹಂಚಿನ ಮನೆಗಳನ್ನು ಯಾರೂ ನಮ್ಮಿಂದ ಕಿತ್ತುಕೊಳ್ಳಲಿಲ್ಲ. ಒಂದೊಂದಾಗಿ ನಾವೇ ಮಾರಿದೆವು, ನಾವೇ ಕೆಡವಿದೆವು, ಇಲ್ಲವೆ ಕಟ್ಟುವವರ ಜತೆ ಪಾಲಿಗೆ ಸೇರಿದೆವು. ಆ ಜಾಗದಲ್ಲಿ ಇಂದು ನಾಲ್ಕು, ಆರು ಮಹಡಿಗಳ ಫ್ಲಾಟುಗಳು. ಅಷ್ಟು ಬಂಡವಾಳ ಇಲ್ಲದಲ್ಲಿ ಬಾಡಿಗೆಯ ಕ್ವಾರ್ಟರ್ಸ್ ಸಾಲುಗಳು. ಏಕೆ ಹೀಗಾಯಿತು?

ಒಂದು ಕಾರಣ ಕಾನೂನಿನಲ್ಲಿದೆ. ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು. ನಮ್ಮ ಕಡೆಯ ಎಷ್ಟೋ ಮನೆತನಗಳಲ್ಲಿ ಆಸ್ತಿ ಒಬ್ಬರದಾಗಿರಲಿಲ್ಲ, ಕುಟುಂಬದ್ದಾಗಿತ್ತು. ಅಳಿಯಸಂತಾನದವರಲ್ಲಂತೂ ತರವಾಡಿನ ದೊಡ್ಡ ಮನೆಯನ್ನು ಭಾಗ ಮಾಡುವ ಮಾತೇ ಹಿಂದೆ ಅಪರೂಪ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಗೊಳಿಸಿದ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದಾಗ ಪ್ರತಿಯೊಬ್ಬ ಸದಸ್ಯನೂ ತನ್ನ ಪಾಲಿಗೆ ಒಡೆಯನಾದನು. ಅದು ನ್ಯಾಯವೇ. ಆದರೆ ಜಾಗವನ್ನು ಭಾಗ ಮಾಡಬಹುದು, ಒಂದು ಮಾಡನ್ನು ಆರು ಭಾಗ ಮಾಡುವುದು ಹೇಗೆ? ಆರು ಮಂದಿಯಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ದುಬೈಯಲ್ಲಿ, ಇಬ್ಬರು ಮಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ವಯಸ್ಸಾದ ಅಕ್ಕ ಒಬ್ಬರು. ಮಳೆಗಾಲದ ಮೊದಲು ಹಂಚು ಕೈಯಾಡಿಸಲು ಜನ ಸಿಗುವುದಿಲ್ಲ. ಪಕ್ಕಾಸು ಗೆದ್ದಲು ಹಿಡಿದರೆ ಬದಲಿಸುವ ಹಳೆಯ ಆಚಾರಿಗಳು ಈಗಿಲ್ಲ. ಹಳೆಯ ಮನೆಗಳನ್ನು ಉಳಿಸಬೇಕೆಂದು ನಾವು ಒಮ್ಮೆ ಮಾತಿಗೆ ಮಾತು ಬಂದು ಹೇಳಿದಾಗ ನೆರೆಯ ಅಕ್ಕ ಒಬ್ಬರು, "ಮಾಸ್ಟ್ರೇ, ನೀವು ಬರೀರಿ, ಚಂದ ಉಂಟು. ಆದರೆ ನಿಮ್ಮ ಲೇಖನದಿಂದ ಸೋರುವ ಮಾಡು ನಿಲ್ತದಾ?" ಎಂದರು. ಉತ್ತರ ನಮ್ಮಲ್ಲಿರಲಿಲ್ಲ, ಇಂದಿಗೂ ಇಲ್ಲ.

ಹಾಗೆ ನೋಡಿದರೆ ನಾವು ಮರುಗುವ ಈ ಹಂಚಿನ ಮನೆ ಕೂಡ ಅನಾದಿ ಕಾಲದ್ದಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ಮತ್ತು ಆಮೇಲೂ ಬಹಳ ಕಾಲ ಇಲ್ಲಿನ ಹೆಚ್ಚಿನವರ ಮಾಡು ಮುಳಿಹುಲ್ಲಿನದು, ಸೋಗೆಯದು, ತೆಂಗಿನ ಮಡಲಿನದು. ವರ್ಷವರ್ಷ ಹೊದೆಸಬೇಕು, ಬೆಂಕಿಯ ಭಯ ಬೇರೆ. ಹಂಚು ಬಂದಾಗ ಯಾವನೋ ಒಬ್ಬ ಅಜ್ಜ, ಮುಳಿಮಾಡಿನ ತಂಪು ಇದಕ್ಕುಂಟೇ ಎಂದು ಗೊಣಗಿರಲೇಬೇಕು. ಅವನ ಸೊಸೆ, ಮಳೆಗೆ ಒಲೆ ಆರುವುದಿಲ್ಲವಲ್ಲಾ ಎಂದು ಸಂತೋಷಪಟ್ಟಿರಲೇಬೇಕು. ಇಬ್ಬರೂ ಸರಿ. ಇಂದು ಹಂಚು ಹೋಗಿ ಕಾಂಕ್ರೀಟು ಬರುವಾಗ ಆ ಅಜ್ಜನ ಸ್ಥಾನದಲ್ಲಿ ನಾವು ನಿಂತಿದ್ದೇವೆ, ಅಷ್ಟೆ. ಆದುದರಿಂದ ಮಾಡು ಬದಲಾಯಿತೆಂದು ಅಳುವುದರಲ್ಲಿ ನಮಗೆ ಅಂಥ ಆಸಕ್ತಿಯಿಲ್ಲ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯನ್ನು ಉಳಿಸಿ 'ಗಿಳಿವಿಂಡು' ಎಂಬ ಸ್ಮಾರಕವನ್ನು ಮಾಡಿರುವುದು ಯೋಗ್ಯವಾದ ಕೆಲಸ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಎಲ್ಲರ ಮನೆಯನ್ನೂ ಹಾಗೆ ಸ್ಮಾರಕ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ.

ನಮ್ಮ ಚಿಂತೆ ಮಾಡಿನದಲ್ಲ, ಅಂಗಳದ್ದು. ಮನೆ ಮಾರುವಾಗ ಕ್ರಯಪತ್ರದಲ್ಲಿ ಸರ್ವೆ ನಂಬರು, ಚೆಕ್ಕುಬಂದಿ, ಸೆಂಟ್ ಲೆಕ್ಕ, ತೆಂಗಿನ ಮರಗಳ ಸಂಖ್ಯೆ ಎಲ್ಲ ಬರೆಯುತ್ತಾರೆ. ಆದರೆ ಆ ಅಂಗಳ ಇಷ್ಟು ವರ್ಷ ಊರಿಗೆ ಮಾಡುತ್ತಿದ್ದ ಕೆಲಸವನ್ನು ಎಲ್ಲಿಯೂ ಬರೆಯುವುದಿಲ್ಲ. ಒಂದು ಲೆಕ್ಕ ಮಾಡೋಣ. ಒಂದು ಸೆಂಟ್ ಎಂದರೆ ಸುಮಾರು 40.5 ಚದರ ಮೀಟರ್. ಹತ್ತು ಸೆಂಟ್ ಎಂದರೆ 405. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅಂದರೆ ಮೂರೂವರೆ ಮೀಟರ್ ಎತ್ತರದ ನೀರು. 405ನ್ನು ಮೂರೂವರೆಯಿಂದ ಗುಣಿಸಿದರೆ 1417 ಘನ ಮೀಟರ್. ಹದಿನಾಲ್ಕು ಲಕ್ಷ ಲೀಟರಿಗಿಂತ ಹೆಚ್ಚು. ಹತ್ತು ಸೆಂಟ್ ಜಾಗದ ಮೇಲೆ ಒಂದು ವರ್ಷಕ್ಕೆ ಬೀಳುವ ನೀರು ಇಷ್ಟು. ಇದರಲ್ಲಿ ಸ್ವಲ್ಪ ಆವಿಯಾಗಿ, ಸ್ವಲ್ಪ ಹರಿದು ಹೋದರೂ ದೊಡ್ಡ ಪಾಲು ಮಣ್ಣಿನ ಅಂಗಳದ ಮೂಲಕ ತೂತುತೂತಾದ ಮುರಕಲ್ಲಿನೊಳಗೆ ಇಳಿದು ನೆರೆಯವನ ಬಾವಿಗೂ ಹೋಗಿ ಸೇರುತ್ತಿತ್ತು. ನೀರಿಗೆ ಚೆಕ್ಕುಬಂದಿಯಿಲ್ಲ. ಈ ಜಿಲ್ಲೆಯ ಹಳ್ಳಿಗಳಲ್ಲಿ ಗುಡ್ಡೆಯ ಹೊಟ್ಟೆಯನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡಿದ ಹಿರಿಯರಿಗೆ ಮುರಕಲ್ಲಿನ ಈ ಗುಣ ಚೆನ್ನಾಗಿ ಗೊತ್ತಿತ್ತು. ಎನ್ಮಕಜೆ, ಬಾಯಾರು ಕಡೆಯ ಸುರಂಗಗಳು ಬತ್ತದೆ ಹರಿದದ್ದು ಮೇಲಿನ ಗುಡ್ಡೆ ಮಳೆಯನ್ನು ಕುಡಿಯುತ್ತಿದ್ದುದರಿಂದ.

ಈಗ ಅದೇ ಹತ್ತು ಸೆಂಟಿನಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಡ, ಉಳಿದುದಕ್ಕೆ ಇಂಟರ್‌ಲಾಕ್ ಇಟ್ಟಿಗೆ. ಕೆಸರಾಗುವುದಿಲ್ಲ, ಗುಡಿಸಲು ಸುಲಭ, ಕಾರು ನಿಲ್ಲಿಸಲು ಚೊಕ್ಕಟ, ಒಪ್ಪೋಣ. ಆದರೆ ಹದಿನಾಲ್ಕು ಲಕ್ಷ ಲೀಟರು ಎಲ್ಲಿಗೆ ಹೋಗಬೇಕು? ಗೇಟಿನಡಿಯಿಂದ ಓಣಿಗೆ, ಓಣಿಯಿಂದ ತೋಡಿಗೆ, ತೋಡು ಹೂತು ಹೋಗಿದ್ದರೆ ತಗ್ಗಿನ ಮನೆಯ ಅಡುಗೆಕೋಣೆಗೆ. ಜುಲೈಯಲ್ಲಿ ನೀರು ಒಳಗೆ ಬಂತೆಂದು ನಗರಸಭೆಗೆ ದೂರು, ಎಪ್ರಿಲಿನಲ್ಲಿ ಬಾವಿ ಬತ್ತಿತೆಂದು ಮತ್ತೊಂದು ದೂರು. ಎರಡೂ ದೂರುಗಳ ಮೂಲ ಒಂದೇ ಅಂಗಳದಲ್ಲಿದೆ. ಪೇಟೆಗೆ ಬಾವಿಕ್ಕೆರೆಯ ಹೊಳೆಯಿಂದ ಬರುವ ನಳ್ಳಿನೀರು ಎಷ್ಟೋ ವರ್ಷ ಬೇಸಗೆಯಲ್ಲಿ ಉಪ್ಪಾಗುತ್ತಿದ್ದುದನ್ನು ನಿಮ್ಮ ತಾಯಂದಿರು ಹೇಳಿಯಾರು. ಸಮುದ್ರದ ಉಪ್ಪುನೀರನ್ನು ತಡೆಯುವ ಕಟ್ಟೆ ಶಾಶ್ವತವಾಗಿ ಆಗುವ ವರೆಗೂ ಆ ಗೋಳು ತಪ್ಪಲಿಲ್ಲ. ಆ ದಿನಗಳಲ್ಲಿ ಊರನ್ನು ಕಾಪಾಡಿದ್ದು ಅಂಗಳದ ಬಾವಿಗಳೇ. ಬಾವಿಯಿದ್ದವರು ಇಲ್ಲದವರಿಗೆ ಕೊಡುತ್ತಿದ್ದರು; ಹಗ್ಗ ಬಿಂದಿಗೆ ಹಿಡಿದು ಬಂದವರ ಜಾತಿ ಭಾಷೆ ಕೇಳುವಷ್ಟು ಪುರಸೊತ್ತು ಬೇಸಗೆಯಲ್ಲಿ ಯಾರಿಗೂ ಇರಲಿಲ್ಲ.

ಅಂಗಳದೊಂದಿಗೆ ಹೋಗುವ ಇನ್ನೂ ಕೆಲವು ವಸ್ತುಗಳಿವೆ. ತುಂಡು ಜಾಗದ ಮೂಲೆಯ ನಾಗಬನ ಅವುಗಳಲ್ಲೊಂದು. ಮಾರುವವರು ಅದನ್ನು ಬಿಡುವಂತಿಲ್ಲ, ಕೊಳ್ಳುವವರು ಇಟ್ಟುಕೊಳ್ಳುವಂತಿಲ್ಲ. ಕೊನೆಗೆ ಮರಗಳನ್ನು ಕಡಿದು, ಸಿಮೆಂಟಿನ ಕಟ್ಟೆ ಮಾಡಿ, ಸುತ್ತ ಕಬ್ಬಿಣದ ಬೇಲಿ ಹಾಕಿ, ಭಕ್ತಿಗೆ ಕುಂದಾಗದಂತೆ ನೋಡಿಕೊಳ್ಳುತ್ತಾರೆ. ಕಟ್ಟೆಯೇನೋ ಉಳಿಯುತ್ತದೆ, ಬನ ಉಳಿಯುವುದಿಲ್ಲ. ಅದರ ಬಗ್ಗೆ ನಾವು ಹೆಚ್ಚು ಬರೆಯದಿರುವುದು ಲೇಸು. ಆ ವಿಷಯದಲ್ಲಿ ಊರಿನವರಿಗೆ ಬೇಗ ಸಿಟ್ಟು ಬರುತ್ತದೆ.

ಕನ್ನಡ ಕಲಿಸುವವರಾದ ನಮಗೆ ಹೆಚ್ಚು ನೋವಾಗುವುದು ಹೆಸರುಗಳ ವಿಷಯದಲ್ಲಿ. ನಮ್ಮ ಊರಿನ ಹೆಸರುಗಳು ಬರೇ ಹೆಸರುಗಳಲ್ಲ, ನೆಲದ ವಿವರಣೆಗಳು. ಬೈಲು ಎಂದರೆ ಸುತ್ತಣ ನೀರು ಇಳಿದು ಬರುವ ತಗ್ಗಿನ ಗದ್ದೆ. ಅಡ್ಕವೆಂದರೆ ನೀರು ನಿಲ್ಲದ ಸಮತಟ್ಟಾದ ಒಣನೆಲ. ಪದವು ಎಂದರೆ ಮುರಕಲ್ಲಿನ ಬೋಳು ಎತ್ತರ. ಗುಡ್ಡೆ ಎಲ್ಲರಿಗೂ ಗೊತ್ತು. ಬೀರಂತಬೈಲು, ಅಡ್ಕತ್ತಬೈಲು, ಕೇಳುಗುಡ್ಡೆ ಎಂದೊಡನೆ ಮಳೆಗಾಲದಲ್ಲಿ ಎಲ್ಲಿ ಒದ್ದೆ, ಎಲ್ಲಿ ಒಣ ಎಂದು ಹೊಸಬನಿಗೂ ಅರ್ಥವಾಗಬೇಕು. ಬೈಲಿನಲ್ಲಿ ಮಣ್ಣು ತುಂಬಿಸಿ ಮನೆ ಕಟ್ಟಿ, ನೀರು ಬಂತೆಂದು ಆಶ್ಚರ್ಯಪಡುವವರು ತಮ್ಮ ವಿಳಾಸವನ್ನೇ ಓದಲಿಲ್ಲವೆಂದು ತಿಳಿಯಬೇಕು. ಗದ್ದೆಗಳಿಗೆ ಮಣ್ಣು ತುಂಬಿಸುವುದನ್ನು ತಡೆಯಲು ಕೇರಳದಲ್ಲಿ 2008ರಲ್ಲಿಯೇ ಕಾಯಿದೆ ಬಂದಿದೆ. 2018ರ ತಿದ್ದುಪಡಿಯಲ್ಲಿ, ಗದ್ದೆಗಳ ಪಟ್ಟಿಯಲ್ಲಿ ಸೇರದ ಜಾಗಗಳನ್ನು ಶುಲ್ಕ ಕಟ್ಟಿ ಬದಲಿಸಿಕೊಳ್ಳಲು ದಾರಿಯೂ ಆಗಿದೆ. ಈಗ ಕಟ್ಟಡಗಳ ಮೇಲೆ ಏರುವ ಹೆಸರುಗಳನ್ನು ನೋಡಿ: ಯಾವುದೋ ಪ್ಯಾರಡೈಸ್, ಯಾವುದೋ ಗಾರ್ಡನ್, ಯಾವುದೋ ವ್ಯೂ. ಗಾರ್ಡನ್ ಎಂಬ ಹೆಸರಿನಲ್ಲಿ ಗಿಡವಿಲ್ಲ. ವ್ಯೂ ಎಂಬಲ್ಲಿಂದ ಕಾಣುವುದು ಪಕ್ಕದ ಫ್ಲಾಟಿನ ನೀರಿನ ಟ್ಯಾಂಕಿ. ಅಂಚೆಯವರಿಗೂ ಆಟೋದವರಿಗೂ ಹೊಸ ಹೆಸರೇ ಅಭ್ಯಾಸವಾಗಿ, ಹಳೆಯ ಮನೆಯ ಹೆಸರು, ಓಣಿಯ ಹೆಸರು, ತಡಮೆಯ ಹೆಸರು ಒಂದು ತಲೆಮಾರಿನಲ್ಲಿಯೇ ಅಳಿಯುತ್ತದೆ. ಗಡಿನಾಡಿನಲ್ಲಿ ಫಲಕದ ಹೆಸರು ಯಾವ ಭಾಷೆಯಲ್ಲಿರಬೇಕೆಂದು ನಾವು ಜಗಳಾಡುತ್ತೇವೆ, ಆಡಬೇಕಾದದ್ದೇ. ಆದರೆ ನಾವೇ ನಮ್ಮ ಮನೆಯ ಹೆಸರನ್ನು ಕ್ರಯಪತ್ರದೊಂದಿಗೆ ಕೊಟ್ಟುಬಿಟ್ಟ ಮೇಲೆ ಫಲಕದಲ್ಲಿ ಬರೆಯುವುದೇನನ್ನು?

ಇನ್ನು ಶಾಲೆ. ಹೆತ್ತವರು ಈ ಮಾತನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಜೂನಿನಲ್ಲಿ ಶಾಲೆ ತೆರೆದ ಮೇಲೆ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ದಿನದ ಲೆಕ್ಕದ ಮೇಲೆ ಒಂದು ತರಗತಿಗೆ ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕರು ಎಂಬುದು ನಿರ್ಧಾರವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಡಿವಿಜನ್ ಹೋಗಬಹುದು, ಒಂದು ಹುದ್ದೆ ಹೋಗಬಹುದು. ಹಂಚಿನ ಮನೆ ಮಾರಿ ಮಂಗಳೂರಿಗೋ ಬೆಂಗಳೂರಿಗೋ ಹೋದ ಒಂದು ಸಂಸಾರವೆಂದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಎರಡು ಮಕ್ಕಳು. ಅಧ್ಯಾಪಕರ ಕೋಣೆಯಲ್ಲಿ, ಫ್ಲಾಟುಗಳು ಬಂದು ಕನ್ನಡ ಶಾಲೆ ಕೆಟ್ಟಿತೆಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಫ್ಲಾಟಿಗೆ ಬಂದವರು ಕನ್ನಡದವರಲ್ಲ, ಅದು ನಿಜ. ಆದರೆ ಅವರು ಬರುವ ಮೊದಲೇ, ಇದೇ ಅಂಗಳಗಳಿಂದ, ಜಗಲಿಯಲ್ಲಿ ಯಕ್ಷಗಾನದ ಪದ ಹೇಳುವವರ ಮನೆಗಳಿಂದಲೇ, ಬೆಳಿಗ್ಗೆ ಏಳೂವರೆಗೆ ಇಂಗ್ಲಿಷ್ ಮಾಧ್ಯಮದ ಹಳದಿ ವ್ಯಾನು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ವ್ಯಾನಿನ ತಪ್ಪನ್ನು ಫ್ಲಾಟಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಹೊಸಬರ ಬಗ್ಗೆಯೂ ಒಂದು ಮಾತು. ನಾವು ಕನ್ನಡ, ಮಲೆಯಾಳ ಎರಡರಲ್ಲಿಯೂ ಓದಿ ಬೆಳೆದವರು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ, ಕೊಂಕಣಿ ಮರಾಟಿ ಉರ್ದು ಬ್ಯಾರಿ ಮಾತುಗಳು ಬೇಲಿಯಾಚೆಯಿಂದ, ಇದು ಇಲ್ಲಿನವರಿಗೆ ಹೊಸತಲ್ಲ. ಸಪ್ತಭಾಷಾ ಸಂಗಮವೆಂದು ಭಾಷಣಗಳಲ್ಲಿ ಹೆಮ್ಮೆಪಡುತ್ತೇವೆ. ಆ ಹೆಮ್ಮೆ ನಿಜವಾದದ್ದಾದರೆ ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ಬಂದ ಕಣ್ಣೂರಿನ ಗುಮಾಸ್ತರನ್ನೂ, ಕ್ವಾರ್ಟರ್ಸಿನಲ್ಲಿರುವ ಉತ್ತರದ ಕೂಲಿಯವರನ್ನೂ ಪರಕೀಯರಂತೆ ನೋಡಬಾರದು. ಹಂಚಿನ ಮನೆಯವರಿಗೆ ಬೇಲಿ ದಾಟಿ ಹೋಗಿ ಮಾತಾಡಿಸುವ ಅಭ್ಯಾಸವಿತ್ತು. ಲಿಫ್ಟಿನವರಿಗೆ ಅದಿಲ್ಲವೆಂದು ದೂರುತ್ತೇವೆ. ನಮ್ಮಲ್ಲಿ ಎಷ್ಟು ಮಂದಿ ಆ ಲಿಫ್ಟು ಹತ್ತಿ ಹೋಗಿ ಸಂಕ್ರಮಣದ ಪೂಜೆಗೆ ಕರೆದಿದ್ದೇವೆ? ನಿವೃತ್ತರಾದ ಅಧ್ಯಾಪಕರೊಬ್ಬರು ಮನೆ ಮಾರಿ ಅದೇ ಜಾಗದ ಫ್ಲಾಟಿಗೆ ಹೋದ ಮೇಲೆ, "ಮೊದಲು ರಾತ್ರಿ ನಾವಿಬ್ಬರೇ ಹೆದರಿಕೊಂಡು ಮಲಗುತ್ತಿದ್ದೆವು, ಈಗ ಎದೆನೋವು ಬಂದರೆ ಬಾಗಿಲು ತಟ್ಟಲು ಜನ ಇದ್ದಾರೆ" ಎಂದು ಹೇಳಿದರು. ಅದೇ ಉಸಿರಿಗೆ, "ಆದರೆ ಬೆಳಗ್ಗೆ ಎದ್ದು ಎಲ್ಲಿ ನಿಲ್ಲುವುದೆಂದು ತಿಳಿಯುವುದಿಲ್ಲ" ಎಂದೂ ಹೇಳಿದರು.

ನಮ್ಮ ಆಕ್ಷೇಪ ಇರುವುದು ಮಾರಾಟದ ಮೇಲಲ್ಲ, ಮೌನದ ಮೇಲೆ. ಒಬ್ಬರು ಮುಂಗಡ ತೆಗೆದುಕೊಂಡ ವಿಷಯ ನೆರೆಯವರಿಗೆ ತಿಳಿಯುವುದು ಜೆಸಿಬಿ ಬಂದ ದಿನ. ತಿಳಿದರೆ ಎಲ್ಲಿ ಬೆಲೆ ಇಳಿದೀತೋ ಎಂಬ ಭಯ. ಹೀಗೆ ಪ್ರತಿಯೊಂದು ಮನೆಯೂ ಗುಟ್ಟಾಗಿ ನಿರ್ಧರಿಸಿದುದರಿಂದ, ಎಲ್ಲರಿಗೂ ಸೇರಿದ ಓಣಿ, ತೋಡು, ನೀರಿನ ದಾರಿ ಯಾರ ನಿರ್ಧಾರದಲ್ಲಿಯೂ ಬರಲಿಲ್ಲ. ಮಾತನಾಡಲು ಜಾಗವಿಲ್ಲವೆಂದಿಲ್ಲ. ನಗರಸಭೆಯಲ್ಲಿ ವಾರ್ಡು ಸಭೆ, ಪಂಚಾಯತಿನಲ್ಲಿ ಗ್ರಾಮಸಭೆ ನಡೆಯುತ್ತದೆ, ಕುರ್ಚಿಗಳು ಖಾಲಿಯಿರುತ್ತವೆ. ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವ ಪ್ರಕಟಣೆ ಬಂದರೆ 21 ದಿನಗಳೊಳಗೆ ಆಕ್ಷೇಪ ಸಲ್ಲಿಸಬಹುದೆಂದು ಕಾನೂನಿನಲ್ಲಿದೆ. 22ನೆಯ ದಿನ ಚಹಾದಂಗಡಿಯಲ್ಲಿ ಸಲ್ಲಿಸಿದ ಆಕ್ಷೇಪಕ್ಕೆ ಬೆಲೆಯಿಲ್ಲ. ಹೊಸ ಕಟ್ಟಡಗಳಲ್ಲಿ ಮಳೆನೀರಿನ ವ್ಯವಸ್ಥೆ ಇರಬೇಕೆಂದು ಕೇರಳದ ಕಟ್ಟಡ ನಿಯಮಗಳು ಹೇಳುತ್ತವೆ. ಇದೆಯೇ ಎಂದು ಕೇಳುವ ಹಕ್ಕು ಪಕ್ಕದ ಬಾವಿಯವರಿಗಿದೆ. ಕನ್ನಡಿಗರು ಕನ್ನಡದಲ್ಲಿಯೇ ಅರ್ಜಿ ಬರೆದು ಕನ್ನಡದಲ್ಲಿಯೇ ಉತ್ತರ ಪಡೆಯಲು ಅವಕಾಶ ಬಂದದ್ದು 1969ರ ಭಾಷಾ ಕಾಯಿದೆಯಿಂದ. ಆ ಅವಕಾಶ ಕುಂದುತ್ತಿದೆಯೆಂದು ಸಭೆಗಳಲ್ಲಿ ಕೂಗುವ ನಾವು, ಅದನ್ನು ಉಪಯೋಗಿಸಿ ಒಂದು ತೋಡಿನ ಬಗ್ಗೆ, ಒಂದು ಕಾಲುದಾರಿಯ ಬಗ್ಗೆ ವರ್ಷಕ್ಕೆ ಎಷ್ಟು ಅರ್ಜಿ ಬರೆಯುತ್ತೇವೆ? ಹತ್ತನೆಯ ತರಗತಿಯ ಪರೀಕ್ಷೆಗೆ ಮನವಿಪತ್ರ ಬರೆಯುವುದನ್ನು ಕಲಿಸುತ್ತೇವೆ. ಅಂಕ ಸಿಕ್ಕಿದ ಮೇಲೆ ಆ ವಿದ್ಯೆ ಪುಸ್ತಕದಲ್ಲಿಯೇ ಉಳಿಯುತ್ತದೆ.

ಈ ಬೇಸಗೆ ರಜೆಯಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡಬೇಕೆಂದಿದ್ದೇವೆ. ಶಾಲೆಯಿಂದ ಒಂದು ಕಿಲೋಮೀಟರಿನೊಳಗಿನ ಪ್ರತಿಯೊಂದು ಬಾವಿಯನ್ನೂ ಒಂದು ಪುಸ್ತಕದಲ್ಲಿ ಬರೆಯುವುದು: ಮನೆಯ ಹಳೆಯ ಹೆಸರು, ಜಾಗದ ಹೆಸರು, ಎಪ್ರಿಲ್ ಕೊನೆಗೆ ಎಷ್ಟು ಅಡಿಗೆ ನೀರು, ಅಂಗಳ ಮಣ್ಣಿನದೋ ಇಂಟರ್‌ಲಾಕಿನದೋ, ಬಾವಿ ಮುಚ್ಚಿದ್ದರೆ ಯಾವ ವರ್ಷ ಮುಚ್ಚಿದ್ದು. ಫ್ಲಾಟುಗಳಿಗೂ ಹೋಗಿ ಬಾಗಿಲು ತಟ್ಟಬೇಕು. ಅಲ್ಲಿ ಮಲೆಯಾಳದಲ್ಲಿ ಕೇಳಿ ಇಲ್ಲಿ ಕನ್ನಡದಲ್ಲಿ ಬರೆದರೆ ಆಯಿತು. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಪೆಟ್ಟಿಗೆಯ ಅಡಿಯಲ್ಲಿ ಹಳೆಯ ಭಾಗಪತ್ರ, ಮೂಲಗೇಣಿ ಚೀಟುಗಳಿದ್ದರೆ ಹೊರಗೆ ತೆಗೆಯಿರಿ. ಅವುಗಳ ಚೆಕ್ಕುಬಂದಿಯಲ್ಲಿ ಈಗ ಯಾರೂ ಹೇಳದ ಎಷ್ಟೋ ಕಟ್ಟೆ, ತಡಮೆ, ತೋಡುಗಳ ಹೆಸರುಗಳಿರುತ್ತವೆ. ಹಣದ ಲೆಕ್ಕವನ್ನು ಮುಚ್ಚಿಟ್ಟುಕೊಂಡು, ಆ ನಾಲ್ಕು ಗೆರೆಗಳನ್ನು ಮಾತ್ರ ಮಕ್ಕಳು ನಕಲು ಮಾಡಿಕೊಳ್ಳಲಿ. ಅಕ್ಷರ ಗೊತ್ತಾಗದಿದ್ದರೆ ಜೂನಿನಲ್ಲಿ ಶಾಲೆಗೆ ತರಲಿ, ನಾವು ಓದಿ ಕೊಡುತ್ತೇವೆ.